ಅವಳ ರಿಪೋರ್ಟು, ನಿನ್ನ ರಕ್ತ

ಪ್ರಿಯ ಗೆಳೆಯ,

ಅಪ್ಪನಾಗುತ್ತಿದ್ದೀಯ ಎಂದು ಓದಿ ಖುಷಿಯಾಯಿತು. ತಾಯಿ ಕಾರ್ಡ್ ಆಗಿದೆ, ನಿನ್ನ ಹೆಂಡತಿಯ ಎಚ್‌ಐವಿ ಪರೀಕ್ಷೆ ನೆಗೆಟಿವ್ ಬಂದಿದೆ. ಒಳ್ಳೆಯದು. ಆದರೆ ನೀನೂ ಮಾಡಿಸಿಕೋ ಎಂದ ನರ್ಸಮ್ಮನಿಗೆ "ಅವಳದು ನೆಗೆಟಿವ್ ಅಂದ್ಮೇಲೆ ನಂದೂ ಅದೇ ಅಲ್ವಾ?" ಅಂದೆಯಂತೆ. ಅಲ್ಲ ಮಾರಾಯ.

ಗಂಡನಿಗೆ ಸೋಂಕಿದ್ದೂ ಹೆಂಡತಿಗೆ ವರ್ಷಗಟ್ಟಲೆ ತಗುಲದೆ ಇರುವುದುಂಟು. ನನ್ನ ಚಿಂತೆ ಮುಂದಿನ ತಿಂಗಳುಗಳದ್ದು. ಬಸಿರಿನಲ್ಲೋ ಮೊಲೆಯೂಡಿಸುವಾಗಲೋ ಅವಳಿಗೆ ಹೊಸದಾಗಿ ತಗುಲಿದರೆ, ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ ವಿಪರೀತ ಇರುತ್ತದೆ. ಮಗುವಿಗೆ ದಾಟುವ ಅಪಾಯವೂ ಆಗಲೇ ಹೆಚ್ಚು. ಕಾರ್ಡಿನಲ್ಲಿ ನೆಗೆಟಿವ್ ಎಂದು ಬರೆದಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಹರಡುವ ಸಾಧ್ಯತೆ ನೂರಕ್ಕೆ 15ರಿಂದ 45. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ 5ಕ್ಕಿಂತ ಕಡಿಮೆ.

ಇನ್ನೊಂದು ನನಗೆ ಸಿಟ್ಟು ಬರಿಸುವ ಸಂಗತಿ. ಬಸಿರಿಯ ರಕ್ತವನ್ನಷ್ಟೇ ಮೊದಲು ನೋಡುವುದರಿಂದ, ಪಾಸಿಟಿವ್ ಬಂದವಳಿಗೆ "ನೀನೇ ತಂದದ್ದು" ಎಂಬ ಮಾತು ಅತ್ತೆಮನೆಯಲ್ಲಿ ಸಿದ್ಧವಾಗಿರುತ್ತದೆ. ಗಂಡನ ರಕ್ತ ಯಾರೂ ನೋಡಿರುವುದಿಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಐಸಿಟಿಸಿ, ಅಂದರೆ ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ, ಎಲ್ಲಿ ಎಂದು ಕೇಳು. ಹೆಂಡತಿಯನ್ನು ಒಳಗೆ ಕಳಿಸಿ ಬೈಕಿನ ಮೇಲೆ ಮೊಬೈಲ್ ತೀಡುತ್ತ ಕೂರುತ್ತಾರಲ್ಲ ಗಂಡಂದಿರು (ನೀನೂ ಅದೇ ಪೈಕಿ, ಬಲ್ಲೆ), ಆ ಹೊತ್ತಿನಲ್ಲಿ ಮುಗಿಯುವ ಕೆಲಸ. ದುಡ್ಡಿಲ್ಲ. ಆಪ್ತಸಮಾಲೋಚಕರು ಮೊದಲು ಮಾತಾಡುತ್ತಾರೆ, ನೀನು ಒಪ್ಪಿದ ಮೇಲೇ ರಕ್ತ. 2017ರ ಎಚ್‌ಐವಿ ಕಾಯ್ದೆ ಇರುವುದರಿಂದ ಫಲಿತಾಂಶವನ್ನು ಊರಿಗೋ ಆಫೀಸಿಗೋ ಹೇಳುವಂತಿಲ್ಲ.

ಪಾಸಿಟಿವ್ ಬಂದರೆ? ಎಚ್‌ಐವಿ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಮಾತ್ರೆ ಉಚಿತ. ದಿನಾ ತಪ್ಪದೆ ನುಂಗಿ, ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ನಿಂತರೆ, ಕೂಡುವುದರಿಂದ ಅವಳಿಗೆ ಹರಡುವುದಿಲ್ಲ. ಅಲ್ಲಿಯವರೆಗೆ ಕಾಂಡೋಮ್. ಅವಳ ಪರೀಕ್ಷೆಯನ್ನೂ ಮತ್ತೆ ಮಾಡಿಸುತ್ತಾರೆ.

ಕಳೆದ ಮೂರು ತಿಂಗಳಲ್ಲಿ ಏನಾದರೂ ನಡೆದಿದ್ದರೆ ಅಲ್ಲಿ ಬಾಯಿಬಿಟ್ಟು ಹೇಳು. ತೀರಾ ಹೊಸ ಸೋಂಕು ಮೊದಲ ಪರೀಕ್ಷೆಗೆ ಸಿಗದೆ ಹೋಗಬಹುದು, ಇನ್ನೊಮ್ಮೆ ಬರಲು ಹೇಳುತ್ತಾರೆ. ನನಗೇನೂ ಹೇಳಬೇಕಿಲ್ಲ.

ಹೋದವನು ಸಿಫಿಲಿಸ್ ಪರೀಕ್ಷೆಯನ್ನೂ ಕೇಳು. ಅದೂ ಹೊಟ್ಟೆಯಲ್ಲಿರುವ ಮಗುವಿಗೆ ದಾಟುವಂಥದ್ದೇ, ಪೆನಿಸಿಲಿನ್‌ಗೆ ಮಣಿಯುತ್ತದೆ. ಹೋಗುವ ಮೊದಲು ಯಾರ ಜೊತೆಗಾದರೂ ಮಾತಾಡಬೇಕೆನಿಸಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡು, ಅದಕ್ಕೂ ದುಡ್ಡಿಲ್ಲ. ಅವಳಿಗೆ ನನ್ನ ನೆನಪು ತಿಳಿಸು.

ನಿನ್ನ ಗೆಳೆಯ