ಗುರುಮನೆಯ ಹಿತ್ತಿಲ ಪಾರಿಜಾತ

ಗುರುಮನೆಯ ಹಿತ್ತಿಲಿನಲ್ಲಿ ತರಕಾರಿ ಬೆಳೆಯುವುದು, ರಾತ್ರಿಯೂಟದ ನಂತರ ಲಿನೋಲಿಯಂ ತುಂಡಿನ ಮೇಲೆ ಚಿತ್ರ ಕೆತ್ತಿ ಅಚ್ಚು ತೆಗೆಯುವುದು, ಇವೆರಡೂ ನಾನು ಬಹುಕಾಲದಿಂದ ರೂಢಿಸಿಕೊಂಡಿರುವ ಹವ್ಯಾಸಗಳು. ಒಂದು ಧರ್ಮಕೇಂದ್ರದಿಂದ ಮತ್ತೊಂದಕ್ಕೆ ವರ್ಗವಾದಾಗಲೆಲ್ಲ ಪುಸ್ತಕಗಳ ಪೆಟ್ಟಿಗೆಯೊಡನೆ ಒಂದು ಗುದ್ದಲಿಯೂ ಸಣ್ಣ ಉಳಿಗಳ ಒಂದು ಡಬ್ಬಿಯೂ ನನ್ನ ಜೊತೆ ಬರುತ್ತವೆ.

ಲಿನೋಲಿಯಂ ಎಂಬ ಹೆಸರನ್ನು ಬಿಡಿಸಿದರೆ ಲತೀನಿನ ಎರಡು ಪದಗಳು ದೊರೆಯುತ್ತವೆ. 'ಲೀನುಮ್' ಎಂದರೆ ಅಗಸೆ, 'ಓಲೆಯುಮ್' ಎಂದರೆ ಎಣ್ಣೆ. ಗುರುಮಠದಲ್ಲಿ ಕಷ್ಟಪಟ್ಟು ಕಲಿತ ಲತೀನ್ ಇಂಥ ಕಡೆಯಾದರೂ ಉಪಯೋಗಕ್ಕೆ ಬಂತಲ್ಲ! ಕಾರ್ಕ್ ಪುಡಿಯನ್ನು ಅಗಸೆಯೆಣ್ಣೆಯಲ್ಲಿ ಕಲಸಿ ಸೆಣಬಿನ ಬಟ್ಟೆಯ ಮೇಲೆ ಹರಡಿ ತಯಾರಿಸಿದ, ನೆಲಕ್ಕೆ ಹಾಸುವ ಹಾಳೆಯದು. ಸ್ವಲ್ಪ ಹೊತ್ತು ಬಿಸಿಲಿನಲ್ಲಿಟ್ಟರೆ ಮೆದುವಾಗಿ ಉಳಿಗೆ ಒಗ್ಗುತ್ತದೆ. ದಂಡಿಯಾತ್ರೆಗೆ ಹೊರಟ ಗಾಂಧೀಜಿ ಕೋಲೂರಿ ನಡೆಯುವ ಪ್ರಸಿದ್ಧ ಚಿತ್ರವನ್ನು ನಂದಲಾಲ್ ಬೋಸ್ 1930ರಲ್ಲಿ ಕೆತ್ತಿದ್ದು ಇದೇ ವಿಧಾನದಲ್ಲಿ. ಕೆತ್ತಿ ತೆಗೆದ ಭಾಗ ಕಾಗದದಲ್ಲಿ ಬಿಳಿಯಾಗಿ ಉಳಿಯುತ್ತದೆ. ಕೆತ್ತದ ಭಾಗ ಮಸಿ ಹಿಡಿಯುತ್ತದೆ. ಮರದ ಸೌಟಿನ ಬೆನ್ನಿನಿಂದ ಕಾಗದವನ್ನು ಉಜ್ಜಿದರೆ ಸಾಕು, ಯಂತ್ರ ಬೇಡ. ಚಿತ್ರ ಎಡಬಲವಾಗಿ ಮೂಡುವುದರಿಂದ ಅಕ್ಷರಗಳನ್ನು ಮಾತ್ರ ತಿರುಗಿಸಿ ಕೆತ್ತಬೇಕು. ಒಂದು ಕ್ರಿಸ್ತಜಯಂತಿಗೆ 'ಶಾಂತಿ' ಎಂಬ ಪದವನ್ನು ನೇರವಾಗಿಯೇ ಕೆತ್ತಿ ಎರಡು ರಾತ್ರಿಯ ಶ್ರಮವನ್ನು ಹಾಳುಮಾಡಿಕೊಂಡವನು ನಾನು. ಒಮ್ಮೆ ಉಳಿ ಹಾಯ್ದ ಮೇಲೆ ತಿದ್ದುವಂತಿಲ್ಲ.

2025ರ ತಪಸ್ಸುಕಾಲದ ಆರಂಭದಲ್ಲಿ ಬೆಂಡೆಯ ಮಡಿಯೊಂದನ್ನು ಸಿದ್ಧಪಡಿಸುತ್ತಿದ್ದೆ. ಹಿತ್ತಿಲ ಮೂಲೆಯ ಹಳೆಯ ಪಾರಿಜಾತದ ನೆರಳು ಆ ಮಡಿಯ ಮೇಲೆ ಬೀಳುತ್ತಿತ್ತು. ಹೂವಿನ ಕಾಲ ಎಂದೋ ಮುಗಿದಿತ್ತು. ಒರಟು ಎಲೆಗಳ, ಧೂಳು ಹಿಡಿದ ಗಿಡ. ಕೂಲಿಯವನಿಗೆ ಹೇಳಿ ಮೊಣಕಾಲೆತ್ತರಕ್ಕೆ ಕಡಿಸಿಬಿಟ್ಟೆ. ಅರ್ಧ ಗಂಟೆಯ ಕೆಲಸ.

ನಮ್ಮ ದೇವಾಲಯದ ಗಂಟೆ ಬಾರಿಸುವ ಹಿರಿಯರೊಬ್ಬರಿದ್ದಾರೆ. ಊರಿನವರಿಗೆಲ್ಲ ಅವರು ಗಂಟೆ ತಾತ. ಮಳೆಗಾಲ ಮುಗಿಯುವ ದಿನಗಳಲ್ಲಿ ನಸುಕಿನಲ್ಲೇ ಬಂದು, ನೆಲಕ್ಕುದುರಿದ ಪಾರಿಜಾತಗಳನ್ನು ಬುಟ್ಟಿಗೆ ಆಯ್ದು ಮಾತೆ ಮರಿಯಮ್ಮನವರ ಸ್ವರೂಪದ ಮುಂದೆ ಇಡುತ್ತಿದ್ದರು. ಗಿಡ ಕಡಿಸಿದ ಸಂಜೆ ಅವರು ಹಿತ್ತಿಲಿಗೆ ಬಂದು ನೋಡಿದರು. ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆ ವರ್ಷದ ತಪಸ್ಸುಕಾಲದ ಮೂರನೆಯ ಭಾನುವಾರಕ್ಕೆ ಗೊತ್ತಾಗಿದ್ದ ಶುಭಸಂದೇಶ ಸಂತ ಲೂಕನ 13ನೇ ಅಧ್ಯಾಯದ್ದು: ಫಲ ಕೊಡದ ಅಂಜೂರದ ಮರದ ಸಾಮತಿ. ಕಡಿದುಹಾಕು ಎನ್ನುವ ಒಡೆಯನ ಮುಂದೆ ನಿಂತು, ಇನ್ನೊಂದು ವರ್ಷ ಬಿಡಿ, ಬುಡ ಅಗೆದು ಗೊಬ್ಬರ ಹಾಕುತ್ತೇನೆ ಎಂದು ಬೇಡಿಕೊಳ್ಳುವವನು ತೋಟಗಾರ. ಆ ತೋಟಗಾರನ ತಾಳ್ಮೆಯನ್ನು ಕುರಿತು ಹದಿನೈದು ನಿಮಿಷ ಪ್ರಬೋಧನೆ ಮಾಡಿದೆ. ಚೆನ್ನಾಗಿ ಬಂತೆಂಬ ತೃಪ್ತಿಯೂ ಇತ್ತು. ಮಧ್ಯಾಹ್ನ ಊಟ ಬಡಿಸುತ್ತ ಅಡುಗೆಯಮ್ಮ ಹೇಳಿದರು: "ಚೆನ್ನಾಗಿ ಹೇಳಿದ್ರಿ ಸ್ವಾಮಿ. ತಾತ ಮಾತ್ರ ತಲೆ ಎತ್ತಲೇ ಇಲ್ಲ. ಆ ಪಾರಿಜಾತ ಅವರ ಹೆಂಡ್ತಿ ನೆಟ್ಟಿದ್ದಲ್ವಾ, ಮಗಳ ಹೊಸ ಪರಮಪ್ರಸಾದದ ದಿನ."

ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಆ ತಾಯಿ ತೀರಿಕೊಂಡು ವರ್ಷಗಳೇ ಆಗಿದ್ದವು. ನಾನು ಅವರನ್ನು ಕಂಡವನೂ ಅಲ್ಲ.

ಪ್ರತಿದಿನ ಬಲಿಪೂಜೆಯ ಆರಂಭದಲ್ಲಿ ಎದೆ ಬಡಿದುಕೊಂಡು ತಪ್ಪೊಪ್ಪಿಕೊಳ್ಳುವ ನನಗೆ, ಒಬ್ಬ ಮನುಷ್ಯನ ಮನೆಗೆ ಹೋಗಿ ತಪ್ಪಾಯಿತು ಎನ್ನಲು ಮೂರು ವಾರ ಬೇಕಾಯಿತು. ಬರಿಗೈಯಲ್ಲಿ ಹೋಗಲು ಸಂಕೋಚವಾಗಿ, ಆ ರಾತ್ರಿಗಳಲ್ಲಿ ಪಾರಿಜಾತದ ಒಂದು ಚಿತ್ರ ಕೆತ್ತಿದೆ. ನೋಡಿ ಬರೆಯಲು ಹೂವಿರಲಿಲ್ಲ; ನೆನಪಿನಿಂದಲೇ ಐದು ಅಗಲವಾದ ಎಸಳುಗಳನ್ನು ಕೆತ್ತಿ ತೆಗೆದೆ. ಕಪ್ಪು ಮಸಿಯ ನಡುವೆ ಹೂವು ಬೆಳ್ಳಗೆ ಮೂಡಿತು.

ತಾತ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ ಸ್ವಾಮಿ. ಆದ್ರೆ ನಮ್ಮ ಗಿಡದ ಹೂವಿಗೆ ಐದೆಸಳಲ್ಲ. ಆರು ಇರೋದು, ಏಳು ಇರೋದು. ಎಸಳೆಲ್ಲ ಗಾಳಿಪಟದ ಚಕ್ರದ ಹಾಗೆ ಒಂದೇ ಕಡೆ ತಿರುಗಿರ್ತವೆ. ಮೇರಿಯ ಅವ್ವ ಎಣಿಸಿ ತೋರಿಸೋಳು."

ಹೂವು ಬಿಟ್ಟ ಕಾಲದಲ್ಲಿ ಪ್ರತಿ ಮುಂಜಾನೆಯೂ ಪ್ರಾರ್ಥನೆಯ ಪುಸ್ತಕ ಹಿಡಿದು ಅದೇ ಗಿಡದ ಕೆಳಗೆ ಓಡಾಡಿದ್ದೆ. ಒಂದು ಹೂವನ್ನಾದರೂ ಕೈಗೆತ್ತಿಕೊಂಡು ನೋಡಿರಲಿಲ್ಲ. ಕ್ಷಮಿಸಿ ತಾತ ಎಂದು ಹೇಳಿದ್ದು ಆಗಲೇ. ಬರುವಾಗ ಸಿದ್ಧಪಡಿಸಿಕೊಂಡಿದ್ದ ಮಾತುಗಳು ಒಂದೂ ಬಾಯಿಗೆ ಬರಲಿಲ್ಲ.

ಅವರು ಚಪ್ಪಲಿ ಮೆಟ್ಟಿಕೊಂಡು ನನ್ನೊಡನೆ ಹಿತ್ತಿಲಿಗೆ ಬಂದರು. ಮೋಟಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ತೊಗಟೆಯ ಬಳಿ ಉಗುರಿನಷ್ಟೇ ಇದ್ದ ಎರಡು ಚಿಗುರುಗಳನ್ನು ಬೆರಳಿನಿಂದ ತೋರಿಸಿದರು. "ಮೊನ್ನೆನೇ ನೋಡಿದ್ದೆ. ಬೆಂಡೆಗೆ ನೀರು ಬಿಡುವಾಗ ಇದಕ್ಕೂ ಒಂದು ಚೊಂಬು ಹಾಕಿ ಸ್ವಾಮಿ."

ಬೆಂಡೆಗೆ ಎಲೆ ಹಳದಿಗಟ್ಟುವ ರೋಗ ತಗಲಿ, ಎರಡು ಸಾರಿನಷ್ಟು ಕಾಯಿಯೂ ಸಿಗಲಿಲ್ಲ. ಐದೆಸಳಿನ ಅಚ್ಚನ್ನು ಸರಿಪಡಿಸಲು ಸಾಧ್ಯವಿಲ್ಲ. ತೆಗೆದದ್ದನ್ನು ಮರಳಿ ಅಂಟಿಸಲಾಗದು. ಹೊಸ ತುಂಡೊಂದನ್ನು ಕತ್ತರಿಸಿ ಮೇಜಿನ ಮೇಲಿಟ್ಟಿದ್ದೇನೆ. ಚಿಗುರು ಈಗ ಸೊಂಟದೆತ್ತರಕ್ಕೆ ಬಂದಿದೆ. ಬೆಳಗಿನ ಗಂಟೆ ಬಾರಿಸಿದ ಮೇಲೆ ತಾತ ಅದನ್ನೊಮ್ಮೆ ನೋಡಿ, ಪೂಜೆಗೆ ಸಿದ್ಧನಾಗುತ್ತಿರುವ ನನ್ನ ಬಳಿ ಬಂದು ಹೇಳುತ್ತಾರೆ: "ಇನ್ನೂ ಇಲ್ಲ ಸ್ವಾಮಿ."