ಲಂಡನ್ನಿನ ಕುಣಿತದ ಜಾತ್ರೆಯಲ್ಲಿ ಒಂದು ರಾತ್ರಿ

ಲಂಡನ್ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ, ಹೇಳಿ? ಗಡಿಯಾರದ ಗೋಪುರ, ಅರಮನೆ, ಥೇಮ್ಸ್ ನದಿ, ಕೆಂಪು ಬಸ್ಸು. ಹೋಗಿ ಬಂದವರೆಲ್ಲ ಇವನ್ನೇ ಬರೆದೂ ಬರೆದೂ ನಿಮಗೆ ಬಾಯಿಪಾಠವಾಗಿರಬೇಕು. ನಾನೂ ಅವನ್ನೆಲ್ಲ ನೋಡಿದೆ, ಎದುರಿಗೆ ನಿಂತು ಫೋಟೋ ತೆಗೆಸಿಕೊಂಡೆ. ಆದರೆ ತಿಪಟೂರಿಗೆ ವಾಪಸು ಬಂದ ಮೇಲೆ ಪಕ್ಕದ ಮನೆಯವರು "ಏನೇನು ನೋಡಿದ್ರಿ?" ಎಂದಾಗ ನನ್ನ ಬಾಯಿಗೆ ಮೊದಲು ಬಂದದ್ದು ಬ್ರಿಕ್ಸ್‌ಟನ್. ಅಲ್ಲಿನ ಒಂದು ಹಳೇ ಸಿನಿಮಾ ಮಂದಿರದಲ್ಲಿ, ನಾಲ್ಕೈದು ಸಾವಿರ ಜನರ ನಡುವೆ, ನೂಲಿನ ಸೀರೆ ಉಟ್ಟು, ರಾತ್ರಿ ಹನ್ನೊಂದರ ತನಕ ನಿಂತಿದ್ದೆ. ನಗಬೇಡಿ, ಪೂರ್ತಿ ಕೇಳಿ.

2025ರ ಜೂನ್ ತಿಂಗಳು. ಮಗಳ ಮನೆ ಸೇರಿ ಇನ್ನೂ ವಾರ ತುಂಬಿರಲಿಲ್ಲ. "ಅಮ್ಮ, ಶನಿವಾರ ಒಂದು ಕಚೇರಿ ಇದೆ, ಎರಡು ಟಿಕೆಟ್ ತಗೊಂಡಿದೀನಿ, ನೀನೂ ಬಾ" ಎಂದಳು. ಕಚೇರಿ ಎಂದರೆ ಪಿಟೀಲು ಮೃದಂಗ ಇದ್ದೀತೆಂದು ನಾನು ಹೂಂ ಎಂದುಬಿಟ್ಟೆ. ಆಮೇಲೆ ಗೊತ್ತಾಯಿತು, ಅದು ಕೂತು ಕೇಳುವ ಕಚೇರಿಯಲ್ಲ, ನಿಂತು ಕುಣಿಯುವುದು ಅಂತ. ಎದೆ ಧಸಕ್ಕೆಂದಿತು. ಯಾಕೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಕ್ರಿಕೆಟ್ ಗೆಲುವಿನ ಸಂಭ್ರಮ ನೋಡಲು ಹೋದ 11 ಮಂದಿ ಕಾಲ್ತುಳಿತದಲ್ಲಿ ಜೀವ ಬಿಟ್ಟಿದ್ದರು. ಟೀವಿಯಲ್ಲಿ ತೋರಿಸಿದ ಆ ಚಪ್ಪಲಿಗಳ ರಾಶಿ ನನ್ನ ಕಣ್ಣಿಗೆ ಕಟ್ಟಿಬಿಟ್ಟಿತ್ತು.

ಸಾಲದ್ದಕ್ಕೆ ಮಗಳು ಇನ್ನೊಂದನ್ನೂ ಹೇಳಿದಳು. "ನಿನ್ನಿಂದ ಮುಚ್ಚಿಡಬಾರದು ಅಂತ ಹೇಳ್ತಿದೀನಮ್ಮ. ಇಲ್ಲೂ ಆಗಿದೆ. 2022ರ ಡಿಸೆಂಬರ್‌ನಲ್ಲಿ ಇದೇ ಮಂದಿರದ ಬಾಗಿಲಲ್ಲಿ ನೂಕುನುಗ್ಗಲಾಗಿ ಇಬ್ಬರು ಹೋದರು." ಸತ್ತವರಲ್ಲಿ ಒಬ್ಬರು ಹಾಡು ಕೇಳಲು ಬಂದವರು, ಇನ್ನೊಬ್ಬರು ಅಲ್ಲಿ ಕಾವಲಿಗಿದ್ದವರು. ಆಮೇಲೆ ಮಂದಿರವನ್ನು ಮುಚ್ಚಿಸಿದರು. ಲ್ಯಾಂಬೆತ್ ಎಂಬ ಆ ಭಾಗದ ಪೌರಸಭೆ 77 ಷರತ್ತು ಹಾಕಿತು: ಗಟ್ಟಿಯಾದ ಹೊಸ ಬಾಗಿಲು, ಟಿಕೆಟ್ಟಿಗೆ ಹೊಸ ಏರ್ಪಾಡು, ಎಲ್ಲ ಕಡೆ ಕಣ್ಣಿಡುವ ಒಂದು ಕೊಠಡಿ, ಹೀಗೆ. 2024ರ ಏಪ್ರಿಲ್‌ನಲ್ಲಿ ಮತ್ತೆ ತೆರೆಯಿತು.

ನನಗೆ ಧೈರ್ಯ ಬರಲಿಲ್ಲ. "ನೀನು ಹೋಗಿ ಬಾ, ನಾನು ಸಾರು ಮಾಡಿಟ್ಟಿರ್ತೀನಿ" ಎಂದೆ. ಮಗಳು ಏನೂ ಅನ್ನಲಿಲ್ಲ. ಆದರೆ ನನಗೇ ಹಳೆಯದೊಂದು ನೆನಪಾಯಿತು. ಅವಳು ಹಾಸ್ಟೆಲಿನಲ್ಲಿದ್ದು ಓದುವಾಗ ಆ ಊರಿನ ಮೈದಾನದಲ್ಲಿ ವರ್ಷಕ್ಕೊಮ್ಮೆ ರಾತ್ರಿ ಹಾಡಿನ ಕಾರ್ಯಕ್ರಮ ನಡೆಯುತ್ತಿತ್ತು. ಹೋಗಲೇ ಎಂದು ಫೋನ್ ಮಾಡುತ್ತಿದ್ದಳು. "ಆ ಜನಜಂಗುಳಿಯಲ್ಲಿ ಹೆಣ್ಣುಮಕ್ಕಳಿಗೇನು ಕೆಲಸ?" ಎನ್ನುತ್ತಿದ್ದೆ. ಮೂರು ವರ್ಷ ಕೇಳಿದಳು, ಮೂರು ವರ್ಷವೂ ಬೇಡವೆಂದೆ. ಅದನ್ನು ಅವಳು ಎತ್ತಿ ಆಡಲಿಲ್ಲ, ನಿಜ. ನಾನು ಸೆರಗಿಗೆ ಪಿನ್ನು ಹುಡುಕತೊಡಗಿದೆ.

ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತಾದರೂ ಬೆಳಕು. ಮಧ್ಯಾಹ್ನ ನಾಲ್ಕಕ್ಕೇ ಹೊರಟೆವು. ನೆಲದಡಿಯ ರೈಲಿನಲ್ಲಿ ವಿಕ್ಟೋರಿಯಾ ಲೈನ್ ಎಂದೊಂದಿದೆ, ನಕ್ಷೆಯಲ್ಲಿ ತಿಳಿನೀಲಿ. ಅದರ ದಕ್ಷಿಣದ ಕಟ್ಟಕಡೆಯ ನಿಲ್ದಾಣವೇ ಬ್ರಿಕ್ಸ್‌ಟನ್. ಮೆಟ್ಟಿಲು ಹತ್ತಿ ಮೇಲೆ ಬಂದರೆ ನಾನು ಅಂದುಕೊಂಡಿದ್ದ ಇಂಗ್ಲೆಂಡೇ ಅಲ್ಲ! 1948ರಲ್ಲಿ ವಿಂಡ್‌ರಷ್ ಎಂಬ ಹಡಗಿನಲ್ಲಿ ಜಮೈಕಾ ಕಡೆಯಿಂದ ಬಂದವರಲ್ಲಿ ಹಲವರು ಕೆಲಸ ಹುಡುಕಿಕೊಂಡು ಮೊದಲು ಬಂದದ್ದು ಇಲ್ಲಿಗೆ. ಅಂದಿನಿಂದ ಇದು ವೆಸ್ಟ್ ಇಂಡೀಸಿನವರು ನೆಲೆ ಕಂಡುಕೊಂಡ ಜಾಗ. ನಿಲ್ದಾಣದ ಪಕ್ಕದಲ್ಲೇ ಎಲೆಕ್ಟ್ರಿಕ್ ಅವೆನ್ಯೂ ಎಂಬ ಸಂತೆ ಬೀದಿ. 1880ರ ದಶಕದಲ್ಲೇ ವಿದ್ಯುದ್ದೀಪ ಕಂಡದ್ದರಿಂದ ಆ ಹೆಸರು.

ಸಂತೆ ಎಂದರೆ ನನಗೆ ಹಸಿವೂ ಇಲ್ಲ, ಭಯವೂ ಇಲ್ಲ. ಬೆಂಡೆಕಾಯಿ, ಬಾಳೆಕಾಯಿ, ಕೆಸುವಿನ ಗೆಡ್ಡೆ, ನಮ್ಮ ಸುವರ್ಣಗೆಡ್ಡೆಯ ಅಣ್ಣನಂತಿರುವ ಯಾಮ್ ಗೆಡ್ಡೆ, ಎಲ್ಲ ಇದೆ. ಪುಟ್ಟ ಟೊಪ್ಪಿಗೆಯ ಆಕಾರದ ಒಂದು ಮೆಣಸಿನಕಾಯಿ ಇಟ್ಟಿದ್ದರು. ಅದರ ಮುಂದೆ ನಮ್ಮ ಬ್ಯಾಡಗಿ ಬೆಲ್ಲವೇ ಸರಿ. ಒಂದು ಅಂಗಡಿಯಲ್ಲಿ ಬಾಳೆಹಣ್ಣು ಕರಿದು ಕೊಟ್ಟರು. ಸಿಪ್ಪೆ ಕಪ್ಪಾಗುವಷ್ಟು ಕಳಿತ ಹಣ್ಣನ್ನು ಓರೆಯಾಗಿ ಬಿಲ್ಲೆ ಹೆಚ್ಚಿ, ಸ್ವಲ್ಪವೇ ಎಣ್ಣೆಯಲ್ಲಿ ಎರಡು ಕಡೆಯೂ ಕೆಂಪಗೆ ಮಾಡಿ, ಚಿಟಿಕೆ ಉಪ್ಪು ಉದುರಿಸುವುದು, ಅಷ್ಟೇ. ನೇಂದ್ರ ಬಾಳೆಯಲ್ಲಿ ನೀವೂ ಮಾಡಿ ನೋಡಿ. ಪುಟ್ಟಬಾಳೆಯಲ್ಲಿ ಬೇಡ, ಕಲಸಿಹೋಗುತ್ತದೆ.

ಮಂದಿರ ಅಲ್ಲಿಂದ ನಾಲ್ಕು ಹೆಜ್ಜೆ. ಬ್ರಿಕ್ಸ್‌ಟನ್ ಅಕಾಡೆಮಿ ಅಂತ ಹೆಸರು. ಸಾಲು ಬಹಳ ಉದ್ದವಿತ್ತು, ಆದರೆ ಅದು ಸಾಲೇ. ಕಬ್ಬಿಣದ ಕಟಕಟೆಯ ನಡುವೆ ಇಬ್ಬಿಬ್ಬರಾಗಿ ಬಿಡುತ್ತಾರೆ. ಟಿಕೆಟ್ಟನ್ನು ದೂರದಲ್ಲೇ ಒಮ್ಮೆ ನೋಡಿ, ಬಾಗಿಲಲ್ಲಿ ಇನ್ನೊಮ್ಮೆ ನೋಡುತ್ತಾರೆ. ಹೆಂಗಸರನ್ನು ತಪಾಸಣೆ ಮಾಡಲು ಹೆಂಗಸರೇ ಇದ್ದರು. ಒಂದು ಹಾಳೆಯಷ್ಟು ಅಗಲಕ್ಕಿಂತ ದೊಡ್ಡ ಚೀಲ ಒಳಗೆ ತರಕೂಡದು. ನನ್ನ ಪರ್ಸು ತೆರೆದು ನೋಡಿದಾಕೆ, ಅದರೊಳಗಿದ್ದ ಶುಂಠಿ ಪೆಪ್ಪರ್‌ಮೆಂಟಿನ ಪೊಟ್ಟಣ ಎತ್ತಿ ಮೂಸಿ, ನಕ್ಕು ವಾಪಸಿಟ್ಟಳು.

ಒಳಗೆ ಹೋದರೆ ಬಾಯಿ ಮೇಲೆ ಬೆರಳು! 1929ರಲ್ಲಿ ಆಸ್ಟೋರಿಯಾ ಎಂಬ ಹೆಸರಿನಲ್ಲಿ ಸಿನಿಮಾಕ್ಕೆಂದು ಕಟ್ಟಿದ್ದು. ವೇದಿಕೆಯ ಮೇಲೆ ವೆನಿಸ್ ಪಟ್ಟಣದ ರಿಯಾಲ್ಟೋ ಸೇತುವೆಯ ಮಾದರಿಯ ದೊಡ್ಡ ಕಮಾನು, ಸುತ್ತ ಇಟಲಿಯ ತೋಟದ ಸೊಗಸು. 1972ರಲ್ಲಿ ಸಿನಿಮಾ ನಿಂತು, 1983ರಲ್ಲಿ ಬ್ರಿಕ್ಸ್‌ಟನ್ ಅಕಾಡೆಮಿ ಎಂಬ ಹೆಸರಿನಲ್ಲಿ ಹಾಡಿನ ಕಚೇರಿಗಳ ಜಾಗವಾಗಿ ತೆರೆಯಿತು. ಮೇಲೆ ಬಾಲ್ಕನಿಯಲ್ಲಿ ಕುರ್ಚಿ. ಕೆಳಗೆ, ನಮ್ಮ ಗಾಂಧಿ ಕ್ಲಾಸಿನ ಜಾಗದಲ್ಲಿ, ಏನೂ ಇಲ್ಲ, ನಿಲ್ಲುವುದೇ. ನೆಲ ಮಾತ್ರ ವೇದಿಕೆಯ ಕಡೆಗೆ ಇಳಿಜಾರು. ನನ್ನಂಥ ಐದಡಿಯವಳಿಗೂ ಮುಂದಿನವರ ತಲೆಯ ಮೇಲಿಂದ ವೇದಿಕೆ ಕಾಣುತ್ತದೆ, ಎಂಥ ಉಪಕಾರ ನೋಡಿ!

ಮಗಳು ನನ್ನ ಕಿವಿಗೆ ಸ್ಪಂಜಿನ ಬಿರಡೆ ತುರುಕಿದಳು. "ಬಾಗಿಲು ಎಲ್ಲಿದೆ ಅಂತ ಮೊದಲು ನೋಡ್ಕೋ. ಮಧ್ಯಕ್ಕೆ ಹೋಗೋದು ಬೇಡ, ಪಕ್ಕದ ಗೋಡೆ ಹತ್ತಿರ ಇರೋಣ. ಉಸಿರು ಕಟ್ಟಿದ ಹಾಗಾದ್ರೆ ನನ್ನ ಕೈ ಹಿಸುಕು, ತಕ್ಷಣ ಹೊರಗೆ." ಇದನ್ನೆಲ್ಲ ಎಲ್ಲಿ ಕಲಿತಳೋ ಎಂದುಕೊಂಡೆ. ಆ ದೇಶದಲ್ಲಿ ಮದ್ಯ ಮಾರುವ ಜಾಗದಲ್ಲಿ ಕೇಳಿದವರಿಗೆ ಕುಡಿಯುವ ನೀರನ್ನು ಪುಕ್ಕಟೆ ಕೊಡಲೇಬೇಕೆಂದು ಕಾನೂನಿದೆಯಂತೆ. ಎರಡು ಲೋಟ ತಂದಳು.

ಹಾಡುವವರು ನ್ಯೂಯಾರ್ಕಿನ ಎಲ್‌ಸಿಡಿ ಸೌಂಡ್‌ಸಿಸ್ಟಮ್ ಎಂಬ ತಂಡ. ದೊಡ್ಡ ಕಂಪೆನಿಗಳ ಹಂಗಿಲ್ಲದೆ ತಮ್ಮದೇ ಸಣ್ಣ ಕಂಪೆನಿಯಿಂದ ಹಾಡು ಹೊರತರುವವರಿಗೆ ಅಲ್ಲಿ 'ಇಂಡಿ' ಎನ್ನುತ್ತಾರೆ. ಅಂಥವರ ಗಿಟಾರಿಗೆ ಕುಣಿತದ ತಾಳ ಸೇರಿದರೆ ಇಂಡಿ ಡ್ಯಾನ್ಸ್. ಹುಡುಗರು ಬರುತ್ತಾರೆಂದು ಕಾದಿದ್ದರೆ, ಬಂದದ್ದು ಗಡ್ಡ ನರೆತ ಒಬ್ಬ ಗೃಹಸ್ಥ! ಜೇಮ್ಸ್ ಮರ್ಫಿ, 1970ರಲ್ಲಿ ಹುಟ್ಟಿದವರು, ಹೆಚ್ಚುಕಡಿಮೆ ನನ್ನ ವಾರಿಗೆ. 2002ರಲ್ಲಿ ಬಂದ ಅವರ ಮೊದಲ ಹಾಡೇ, ಚಿಕ್ಕವರು ಬಂದು ತನ್ನನ್ನು ಹಿಂದೆ ಹಾಕುತ್ತಿದ್ದಾರಲ್ಲ ಎಂದು ಕಳವಳಪಡುವವನ ಹಾಡಂತೆ. 2011ರಲ್ಲಿ ಇದೇ ಕೊನೆ ಎಂದು ದೊಡ್ಡದಾಗಿ ವಿದಾಯ ಹೇಳಿ, 2016ರಲ್ಲಿ ಮತ್ತೆ ಬಂದರು. ಇರಲಿ, ಮನೆಯಲ್ಲಿ ಕೂತು ಏನು ಮಾಡುತ್ತಾರೆ ಪಾಪ.

ವೇದಿಕೆಯ ಮೇಲೆ ತಂತಿಗಳ ರಾಶಿ, ಗುಂಡಿಗಳ ಪೆಟ್ಟಿಗೆಗಳು, ರೇಡಿಯೋ ರಿಪೇರಿ ಅಂಗಡಿಯ ಹಾಗೆ. ಮೇಲೆ ಗುಡಾಣದಂಥ ಕನ್ನಡಿ ಚೆಂಡು. ತಾಳ ಶುರುವಾಯಿತು ನೋಡಿ, ಮೊದಲು ಅಂಗಾಲಿನಲ್ಲಿ ಕೇಳಿಸಿತು, ಕಿವಿಯಲ್ಲಲ್ಲ. ಗಣಪತಿ ಬಿಡುವ ದಿನ ತಮಟೆಯವರು ನಮ್ಮ ಮನೆ ಮುಂದೆ ಬಂದಾಗ ಜಗುಲಿ ಅದುರುತ್ತದಲ್ಲ, ಹಾಗೆ. ನಲವತ್ತು ವರ್ಷ ಆ ತಮಟೆಯನ್ನು ನಾನು ಕಿಟಕಿಯ ಸರಳಿನ ಹಿಂದೆ ನಿಂತೇ ಕೇಳಿದ್ದು.

ಕನ್ನಡಿ ಚೆಂಡಿಗೆ ದೀಪ ಬಿದ್ದದ್ದೇ ತಡ, ಇಡೀ ಮಂದಿರದ ಮೇಲೆ ಚುಕ್ಕಿಗಳು ತಿರುಗಿದವು, ಜನ ಹೋ ಎಂದರು. ಎಲ್ಲರೂ ಒಟ್ಟಿಗೆ ನೆಗೆದಾಗ ನನ್ನ ಬಲಗಡೆಯಿಂದ ಒಂದು ಅಲೆ ಬಂದಂತಾಗಿ ಗೋಡೆಗೆ ಒತ್ತಿಕೊಂಡೆ. ಆ ಒಂದು ಕ್ಷಣ, ಚಪ್ಪಲಿಗಳ ರಾಶಿ. ಮಗಳ ಕೈ ಹಿಸುಕುವುದರೊಳಗೆ ಪಕ್ಕದ ಎತ್ತರದ ಮನುಷ್ಯ ಸಾರಿ ಎನ್ನುತ್ತ ಎರಡು ಹೆಜ್ಜೆ ಹಿಂದೆ ಸರಿದ, ಅವನ ಹಿಂದಿನವರೂ ಸರಿದರು. ಸರಿಯಲು ಜಾಗವಿತ್ತು. ನಾನು ನೋಡಿದ್ದು ಅದನ್ನೇ.

ಸ್ವಲ್ಪ ಹೊತ್ತಿಗೆ ಎದುರಿಗಿದ್ದ ಒಂದು ಹುಡುಗಿ ಬಿಳುಚಿಕೊಂಡು ಕುಸಿದು ಕೂತಳು. ಇಪ್ಪತ್ತು ವರ್ಷವೂ ಇದ್ದೀತೋ ಇಲ್ಲವೋ. ಸುತ್ತಲಿದ್ದವರು ಕೈ ಅಗಲಿಸಿ ಜಾಗ ಮಾಡಿದರು, ಒಬ್ಬರು ಕೈ ಎತ್ತಿ ಕಾವಲಿನವರನ್ನು ಕರೆದರು. ನಾನು ಪಕ್ಕದಲ್ಲಿ ಕೂತು ನನ್ನ ಲೋಟದ ನೀರು ಕುಡಿಸಿ, ಸೆರಗಿನಿಂದ ಗಾಳಿ ಬೀಸಿ, ಸುಧಾರಿಸಿಕೊಂಡ ಮೇಲೆ ಒಂದು ಶುಂಠಿ ಪೆಪ್ಪರ್‌ಮೆಂಟ್ ಬಾಯಿಗೆ ಹಾಕಿದೆ. ಮಾತು ಯಾವ ಭಾಷೆಯಲ್ಲಿ ಆಡಿದೆನೋ, ಕನ್ನಡದಲ್ಲೇ ಇರಬೇಕು. ಕಾವಲಿನ ಹೆಂಗಸು ಬಂದು ಅವಳನ್ನು ಹೊರಗಿನ ತಂಪಿಗೆ ಕರೆದೊಯ್ದಳು.

ಕೊನೆಯ ಹಾಡಿನಲ್ಲಿ ಪಿಯಾನೋದ ಒಂದೇ ತುಣುಕು ಮತ್ತೆ ಮತ್ತೆ, ಮತ್ತೆ ಮತ್ತೆ. ಭಜನೆಯಲ್ಲಿ ಒಂದೇ ಸಾಲು ಸುತ್ತಿ ಸುತ್ತಿ ಕಾವೇರುತ್ತದಲ್ಲ, ಅದೇ ಲೆಕ್ಕ. ನನ್ನ ಕಾಲು ತಾನೇ ಆಡುತ್ತಿತ್ತು. ಕುಣಿದೆ ಎಂದು ಹೇಳಲಾರೆ. ಕುಣಿಯಲಿಲ್ಲ ಎಂದೂ ಹೇಳಲಾರೆ. ನಮ್ಮವರು ಈ ಪತ್ರಿಕೆ ಓದುತ್ತಾರೆ.

ವಾಪಸು ರೈಲಿನಲ್ಲಿ ಮಗಳು ನನ್ನ ಭುಜಕ್ಕೆ ಒರಗಿದ್ದಳು. "ಅಮ್ಮ, ಮೂರನೇ ವರ್ಷ ನಾನು ಹೋಗಿದ್ದೆ" ಎಂದಳು.

"ಎಲ್ಲಿಗೆ?"

"ಮೈದಾನಕ್ಕೆ, ಹಾಡಿಗೆ. ನಿನಗೆ ಹೇಳ್ಲಿಲ್ಲ. ಕಟಕಟೆ ಹತ್ತಿರ ಸಿಕ್ಕಿಹಾಕ್ಕೊಂಡೆ, ಉಸಿರೇ ಬರ್ತಿರ್ಲಿಲ್ಲ. ಯಾರೋ ಒಬ್ಬರು ಆಂಟಿ ರಟ್ಟೆ ಹಿಡಿದು ಎಳ್ಕೊಂಡ್ರು. ನಿನಗೆ ಫೋನ್ ಮಾಡ್ಬೇಕು ಅಂತ ತುಂಬಾ ಅನ್ನಿಸ್ತು. ಬೈತೀಯ ಅಂತ ಮಾಡ್ಲಿಲ್ಲ."

ಮೂರು ನಿಲ್ದಾಣ ಕಳೆದರೂ ನನಗೆ ಮಾತು ಬರಲಿಲ್ಲ. ಮನೆ ಸೇರಿದಾಗ ಹನ್ನೆರಡು ದಾಟಿತ್ತು. ಬಕೆಟ್ಟಿನ ಬಿಸಿನೀರಿಗೆ ಹಿಡಿ ಉಪ್ಪು ಹಾಕಿ, ಇಬ್ಬರೂ ಕಾಲು ಇಳಿಬಿಟ್ಟುಕೊಂಡು ಕೂತು ಮೊಸರನ್ನ ತಿಂದೆವು.

"ಆ ಆಂಟಿ ಯಾವ ಊರಿನವರಂತೆ? ಹೆಸರು ಕೇಳಿದೆಯಾ?" ಎಂದೆ.

"ಇಲ್ಲಮ್ಮ, ಕೇಳ್ಲಿಲ್ಲ" ಎಂದಳು.