ನಮ್ಮ ಮನೆಯ ಗಣಕಯಂತ್ರ ಮೌನವಾದಾಗ

2023ರ ಮೇ ತಿಂಗಳ ಒಂದು ಬೆಳಗ್ಗೆ ನಮ್ಮ ಮನೆಯ ಗಣಕಯಂತ್ರ ಏಳಲಿಲ್ಲ. ಹಿಂದಿನ ರಾತ್ರಿ ಯಲಹಂಕ ಉಪನಗರದಲ್ಲಿ ಗುಡುಗು ಸಿಡಿಲಿನ ಮಳೆ ಸುರಿದು, ವಿದ್ಯುತ್ತು ಮೂರು ಸಲ ಹೋಗಿ ಬಂದಿತ್ತು. ಎಂದಿನಂತೆ ಕಾಫಿಯ ಲೋಟ ಹಿಡಿದು ಬಂದು ಗುಂಡಿ ಒತ್ತಿದೆ. ಫ್ಯಾನಿನ ಸದ್ದಿಲ್ಲ, ದೀಪವಿಲ್ಲ. ಇನ್ನೊಮ್ಮೆ ಒತ್ತಿದೆ, ಬಲವಾಗಿ ಒತ್ತಿದೆ, ಒತ್ತಿ ಹಿಡಿದು ನಿಂತೆ. ಪೆಟ್ಟಿಗೆ ಮಿಸುಕಲಿಲ್ಲ.

ಹೊಸದೊಂದನ್ನು ಕೊಂಡರಾಯಿತು ಎನ್ನುವಂತಿರಲಿಲ್ಲ. ಆ ಪೆಟ್ಟಿಗೆಯೊಳಗೆ ನನ್ನ ತಾಯಿ ಇದ್ದರು.

ತಾಯಿಗೆ ಆಗ 89 ವರ್ಷ. 2019ರಿಂದ ಎರಡು ವರ್ಷ ಕಾಲ ಪ್ರತಿ ಸಂಜೆ ಅವರು ಹೇಳುತ್ತಾ ಹೋದರು, ನಾನು ನುಡಿ ತಂತ್ರಾಂಶದಲ್ಲಿ ಟೈಪು ಮಾಡುತ್ತಾ ಹೋದೆ. ಯಲಹಂಕದ ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ ಅವರು ಕೂಲಿ ಮಾಡಿದ್ದು, ಚಿಕ್ಕಬಳ್ಳಾಪುರದ ಕಡೆ ಹೋಗುತ್ತಿದ್ದ ನ್ಯಾರೋಗೇಜಿನ ಸಣ್ಣ ರೈಲು, ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಸುವ ಶಾಲೆ ಶುರುವಾದಾಗ ತೋಟದ ಹೆಂಗಸರೆಲ್ಲ ಕೆಲಸ ಬಿಟ್ಟು ಆಕಾಶ ನೋಡುತ್ತಾ ನಿಂತು ಬೈಸಿಕೊಂಡದ್ದು, ಕ್ರಿಸ್ಮಸ್ ಹೊತ್ತಿಗೆ ಮನೆಯ ಮೂಲೆಯ ಜಾಡಿಯಲ್ಲಿ ಹುಳಿಯುತ್ತಿದ್ದ ದ್ರಾಕ್ಷಾರಸದ ವಾಸನೆ. ಅವರು ಬಿಡಿಸುತ್ತಿದ್ದ ಆ ಕಪ್ಪು ನೀಲಿ ದ್ರಾಕ್ಷಿಗೆ, ಬೆಂಗಳೂರು ನೀಲಿ ಎಂಬ ಹೆಸರಿನಲ್ಲಿ, 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರಕಿತು. ನಾನದನ್ನು ಹೇಳಿದಾಗ ಅಮ್ಮ, "ನಮಗೆ ಕೂಲಿ ಕೊಟ್ಟಿದ್ದರೆ ಸಾಕಿತ್ತು" ಎಂದಿದ್ದರು. ಆ ಮಾತನ್ನೂ ಟೈಪು ಮಾಡಿದ್ದೆ.

2021ರ ಕೊನೆಯ ಹೊತ್ತಿಗೆ ಅವರ ನೆನಪು ಸಡಿಲಗೊಳ್ಳತೊಡಗಿತು. ಮೊದಲು ಹೆಸರುಗಳು ಹೋದವು, ಬಳಿಕ ವರ್ಷಗಳು, ಕೊನೆಗೆ ನಾನು ಯಾರೆಂಬುದೂ ಕೆಲವು ದಿನ ಹೋಗಿ ಕೆಲವು ದಿನ ಬರುತ್ತಿತ್ತು. ಅವರು ಹೇಳಿದ್ದನ್ನು ಮತ್ತೆ ಕೇಳಿ ಬರೆದುಕೊಳ್ಳುವ ದಾರಿ ಮುಚ್ಚಿತ್ತು. ನೂರಾ ನಲವತ್ತು ಪುಟಗಳ ಆ ಬರಹ ಇದ್ದದ್ದು ಒಂದೇ ಕಡೆ. ನಕಲು ಮಾಡಿಡಬೇಕೆಂದು ಮಗ ಎಷ್ಟೋ ಸಲ ಹೇಳಿದ್ದ. ನಾಳೆ ಮಾಡೋಣ ಎಂದು ನಾನೂ ಅಷ್ಟೇ ಸಲ ಹೇಳಿದ್ದೆ.

ಆ ಯಂತ್ರವನ್ನು ಕಟ್ಟಿದವನೂ ಅವನೇ. 2012ರಲ್ಲಿ ಅವನು ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದ. ಮೂರು ಶನಿವಾರ ಮೆಜೆಸ್ಟಿಕ್ಕಿನ ಬಸ್ಸು ಹಿಡಿದು, ಅಲ್ಲಿಂದ ಪುರಭವನದ ಬಳಿಯ ಸದರ್ ಪತ್ರಪ್ಪ ರಸ್ತೆಗೆ ಹೋಗಿ, ಅಂಗಡಿಯಿಂದ ಅಂಗಡಿಗೆ ಅಲೆದು ಚೌಕಾಶಿ ಮಾಡಿ, ಒಂದೊಂದೇ ಭಾಗವನ್ನು ತಂದ. ಎಸ್‌ಪಿ ರೋಡ್ ಎಂದರೆ ಬೆಂಗಳೂರಿನ ಹುಡುಗರಿಗೆ ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಆ ಇಕ್ಕಟ್ಟಿನ ಬೀದಿಯಲ್ಲಿ ಕಂಪ್ಯೂಟರಿನ ಯಾವ ಭಾಗವೂ ಸಿಗುತ್ತದೆ. ಪೆಟ್ಟಿಗೆ, ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್, ಹಾರ್ಡ್‌ಡಿಸ್ಕ್, ವಿದ್ಯುತ್ತನ್ನು ಹಂಚುವ ಎಸ್‌ಎಂಪಿಎಸ್, ಎಲ್ಲವನ್ನೂ ಊಟದ ಮೇಜಿನ ಮೇಲೆ ಹರಡಿಕೊಂಡು ಒಂದು ರಾತ್ರಿಯಿಡೀ ಕುಳಿತು ಜೋಡಿಸಿದ. ನಾನು ನೆರವಾಗಲಿಲ್ಲ. "ತರಕಾರಿ ತಂದ ಹಾಗೆ ಬಿಡಿಬಿಡಿಯಾಗಿ ತಂದು ಕಟ್ಟಿದ್ದು ಎಷ್ಟು ದಿನ ಬಾಳೀತು?" ಎಂದು ಹೇಳಿ ಮಲಗಲು ಹೋಗಿದ್ದೆ. ಅದು ಹನ್ನೊಂದು ವರ್ಷ ಬಾಳಿತ್ತು. ಈಗ ಜರ್ಮನಿಯಲ್ಲಿರುವ ಅವನಿಗೆ ಫೋನು ಮಾಡಿ "ನಿನ್ನ ಯಂತ್ರ ಕೆಟ್ಟಿದೆ, ಏನು ಮಾಡಲಿ" ಎಂದು ಕೇಳಲು ನನ್ನ ನಾಲಿಗೆ ಏಳಲಿಲ್ಲ.

ಬದಲಿಗೆ ನಾನು ಅಪರಾಧಿಯನ್ನು ಹುಡುಕಿದೆ. ನಮ್ಮ ಮನೆಗೆಲಸಕ್ಕೆ ಅಟ್ಟೂರಿನಿಂದ ಬರುವ ಹೆಣ್ಣುಮಗಳು ಹಿಂದಿನ ಮಧ್ಯಾಹ್ನ ಆ ಕೋಣೆಯನ್ನು ಒರೆಸಿದ್ದಳು. "ವೈರುಗಳ ಮೇಲೆ ನೀರು ಚೆಲ್ಲಿ ಹಾಳುಮಾಡಿಟ್ಟೆಯಲ್ಲಮ್ಮ, ಅದರೊಳಗೆ ಏನಿತ್ತೆಂದು ಗೊತ್ತೇ ನಿನಗೆ?" ಎಂದು ಕೂಗಿದೆ. ಆಕೆ ಒಂದು ಮಾತೂ ಆಡಲಿಲ್ಲ. ಕೈಯಲ್ಲಿದ್ದ ಪಾತ್ರೆಗಳನ್ನು ತೊಳೆದಿಟ್ಟು ಹೊರಟುಹೋದಳು. ಮರುದಿನ ಬರಲಿಲ್ಲ. "ನೀವು ಕಂಡಿದ್ದಿರಾ ಆಕೆ ನೀರು ಚೆಲ್ಲಿದ್ದನ್ನು?" ಎಂದು ನನ್ನ ಹೆಂಡತಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಇಲ್ಲದ್ದರಿಂದಲೇ ಇನ್ನಷ್ಟು ಸಿಟ್ಟು ಬಂತು.

ಹತ್ತಿರದ ದುರಸ್ತಿ ಅಂಗಡಿಯವರೊಬ್ಬರು ಮನೆಗೆ ಬಂದು, ಗುಂಡಿಯನ್ನು ಎರಡು ಬಾರಿ ಒತ್ತಿ, "ಬೋರ್ಡ್ ಹೋಗಿದೆ ಸಾರ್, ಇಷ್ಟು ಹಳೆಯದಕ್ಕೆ ಬೋರ್ಡ್ ಸಿಗೋದಿಲ್ಲ, ಹೊಸದೇ ತಗೊಳ್ಳಿ" ಎಂದು ಹೇಳಿ ಹೋದರು. ಪೆಟ್ಟಿಗೆಯ ಬಾಗಿಲನ್ನು ತೆಗೆದೂ ನೋಡಿರಲಿಲ್ಲ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ವಿದ್ಯುತ್ ನಿರ್ವಹಣಾ ವಿಭಾಗದಲ್ಲಿ ದುಡಿದವನು. ಯಂತ್ರ ನಿಂತಾಗ ದೋಷವನ್ನು ಹುಡುಕುವುದೇ ನನ್ನ ಅನ್ನವಾಗಿತ್ತು. ಆದ್ದರಿಂದ ಎರಡನೆಯ ದಿನ ನಾನೇ ಸ್ಕ್ರೂಡ್ರೈವರ್ ಹಿಡಿದೆ. ಗೋಡೆಯ ಸಾಕೆಟ್ಟಿಗೆ ಮೇಜಿನ ದೀಪ ಸಿಕ್ಕಿಸಿದೆ, ಉರಿಯಿತು. ಕೇಬಲ್ ಬದಲಿಸಿದೆ. ರ‍್ಯಾಮನ್ನು ಕಳಚಿ ಅದರ ಚಿನ್ನದ ಬಣ್ಣದ ಅಂಚನ್ನು ಮೊಮ್ಮಗಳ ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿದೆ. ಬೋರ್ಡಿನ ಮೇಲಿನ ಪುಟ್ಟ ಬ್ಯಾಟರಿಯನ್ನು ಬದಲಿಸಿದೆ. ಏನೂ ಆಗಲಿಲ್ಲ.

ಮೂರನೆಯ ದಿನ ಎಸ್‌ಎಂಪಿಎಸ್ಸನ್ನು ಬೇರ್ಪಡಿಸಿ ಪರೀಕ್ಷಿಸಿದೆ. ಅದರಿಂದ ಹೊರಡುವ ಇಪ್ಪತ್ನಾಲ್ಕು ತಂತಿಗಳ ದಪ್ಪ ಕೊಂಡಿಯಲ್ಲಿ ಹಸಿರು ತಂತಿ ಒಂದೇ ಇರುತ್ತದೆ. ಕರೆಂಟು ತೆಗೆದಿಟ್ಟು, ಆ ಹಸಿರು ತಂತಿಯ ರಂಧ್ರವನ್ನು ಪಕ್ಕದ ಯಾವುದಾದರೊಂದು ಕಪ್ಪು ತಂತಿಯ ರಂಧ್ರಕ್ಕೆ ತುಂಡು ತಂತಿಯಿಂದ ಜೋಡಿಸಿ, ಬಳಿಕ ಕರೆಂಟು ಕೊಟ್ಟರೆ ಫ್ಯಾನು ತಿರುಗಬೇಕು. ತಿರುಗಿತು. (ಇದನ್ನು ಓದಿ ಯಾರೂ ಎಸ್‌ಎಂಪಿಎಸ್ಸಿನ ಡಬ್ಬಿಯನ್ನೇ ಬಿಚ್ಚಲು ಹೋಗಬೇಡಿ. ಪ್ಲಗ್ಗು ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ತು ಸ್ವಲ್ಪ ಹೊತ್ತು ಉಳಿದಿರುತ್ತದೆ.) ವಿದ್ಯುತ್ತು ಕೊಡುವ ಭಾಗ ಸರಿಯಿದೆ ಎಂದಾದರೆ ಸತ್ತಿರುವುದು ಬೋರ್ಡೇ, ಸಿಡಿಲಿನ ಹೊಡೆತಕ್ಕೆ ಬೋರ್ಡು ಸತ್ತಿದ್ದರೆ ಡಿಸ್ಕೂ ಉಳಿದಿರಲಿಕ್ಕಿಲ್ಲ ಎಂದು ತೀರ್ಮಾನಿಸಿದೆ. ಎಲ್ಲವನ್ನೂ ಮೊದಲಿದ್ದಂತೆ ಜೋಡಿಸಿಟ್ಟು ಸುಮ್ಮನೆ ಕುಳಿತೆ. ಒಳಕೋಣೆಯಲ್ಲಿ ಅಮ್ಮ ಯಾರನ್ನೋ ಕರೆಯುತ್ತಿದ್ದರು.

ಅಂದು ರಾತ್ರಿ ಒಂಬತ್ತಕ್ಕೆ, ಅವನಿಗೆ ಸಂಜೆ ಐದೂವರೆ, ಮಗನಿಗೆ ನನ್ನ ಹೆಂಡತಿ ವೀಡಿಯೋ ಕರೆ ಮಾಡಿ ಫೋನನ್ನು ನನ್ನ ಕೈಗೆ ತುರುಕಿದಳು. ನಾನು ನಡೆದದ್ದನ್ನು ಹೇಳಿದೆ. ಅವನು ನಗಲಿಲ್ಲ, ನಕಲು ಮಾಡಿಡಲಿಲ್ಲವೇ ಎಂದೂ ಕೇಳಲಿಲ್ಲ.

"ಅಪ್ಪ, ಮೊದಲು ಒಂದು ವಿಷಯ. ಡಿಸ್ಕೇ ಬೇರೆ, ಯಂತ್ರ ಏಳದಿರುವುದೇ ಬೇರೆ. ಬೋರ್ಡು ಸುಟ್ಟುಹೋಗಿದ್ದರೂ ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಿ ಓದಬಹುದು. ಅಜ್ಜಿ ಹೇಳಿದ್ದು ಹೋಯಿತು ಅಂತ ಈಗಲೇ ಅಂದುಕೊಳ್ಳಬೇಡಿ."

ಮೂರು ದಿನಗಳಲ್ಲಿ ನನಗೆ ಯಾರಾದರೂ ಹೇಳಬೇಕಾಗಿದ್ದ ಮಾತು ಅದು.

"ಇನ್ನು ರ‍್ಯಾಮ್. ರ‍್ಯಾಮ್ ಕೆಟ್ಟಿದ್ದರೆ ಫ್ಯಾನು ತಿರುಗುತ್ತೆ, ಬೀಪ್ ಅನ್ನಬಹುದು, ಪರದೆ ಮಾತ್ರ ಕಪ್ಪಾಗಿರುತ್ತೆ. ನಿಮ್ಮದು ಅಲುಗಾಡಲೇ ಇಲ್ಲ. ಹಾಗಾಗಿ ಅದಲ್ಲ. ಬೋರ್ಡಿನ ಮೂಲೆಯಲ್ಲಿ ಒಂದು ಚಿಕ್ಕ ಹಸಿರು ದೀಪ ಇದೆ. ಕೋಣೆಯ ಟ್ಯೂಬ್‌ಲೈಟ್ ಆರಿಸಿ ನೋಡಿ, ಉರೀತಿದೆಯಾ?"

ಆರಿಸಿದೆ. ಉರಿಯುತ್ತಿತ್ತು. ಪ್ಲಗ್ಗು ಸಿಕ್ಕಿಸಿದ್ದ ಹೊತ್ತೆಲ್ಲ, ಮೂರು ದಿನವೂ, ಅದು ಅಲ್ಲೇ ಉರಿದಿತ್ತು. ಹಗಲಿನಲ್ಲೂ ಟ್ಯೂಬ್‌ಲೈಟಿನ ಬೆಳಕಿನಲ್ಲೂ ನಾನು ಅದನ್ನು ಕಂಡಿರಲಿಲ್ಲ.

ಗಣಕಯಂತ್ರದ ಒಳಗನ್ನು ಬಲ್ಲದ ಓದುಗರಿಗಾಗಿ ಆ ದೀಪದ ಅರ್ಥವನ್ನು ಹೇಳುತ್ತೇನೆ. ಬಹು ಹಿಂದಿನ ಕಂಪ್ಯೂಟರುಗಳಲ್ಲಿ ಮುಂಭಾಗದ ಗುಂಡಿ ನಮ್ಮ ಮನೆಯ ಫ್ಯಾನಿನ ಸ್ವಿಚ್ಚಿನಂತೆ ನೇರವಾಗಿ ಕರೆಂಟನ್ನೇ ಕೊಡುತ್ತಿತ್ತು, ಕಡಿಯುತ್ತಿತ್ತು. 1995ರಲ್ಲಿ ಇಂಟೆಲ್ ಸಂಸ್ಥೆ ಎಟಿಎಕ್ಸ್ ಎಂಬ ವಿನ್ಯಾಸವನ್ನು ಹೊರತಂದ ಮೇಲೆ ಈ ಪದ್ಧತಿ ಬದಲಾಯಿತು. ಈಗ ಯಂತ್ರ ನಿದ್ದೆಯಲ್ಲಿದ್ದಾಗಲೂ ಎಸ್‌ಎಂಪಿಎಸ್ ಐದು ವೋಲ್ಟಿನ ಒಂದು ಸಣ್ಣ ಧಾರೆಯನ್ನು ನೇರಳೆ ತಂತಿಯ ಮೂಲಕ ಬೋರ್ಡಿಗೆ ಹರಿಸುತ್ತಲೇ ಇರುತ್ತದೆ. ಗುಂಡಿಯ ಕೆಲಸ ಬಾಗಿಲು ತಟ್ಟುವುದು ಮಾತ್ರ. ಬೋರ್ಡು ಆ ಸದ್ದನ್ನು ಕೇಳಿ ಹಸಿರು ತಂತಿಯನ್ನು ಕಪ್ಪಿಗೆ ಸೇರಿಸುತ್ತದೆ, ನಾನು ತುಂಡು ತಂತಿಯಿಂದ ಮಾಡಿದ್ದನ್ನೇ. ಆಗ ಎಲ್ಲ ಭಾಗಗಳಿಗೂ ವಿದ್ಯುತ್ತು ಹರಿಯುತ್ತದೆ. ಹಸಿರು ದೀಪ ಉರಿಯುತ್ತಿದೆ ಎಂದರೆ ಆ ಧಾರೆ ಬೋರ್ಡಿಗೆ ತಲುಪುತ್ತಿದೆ, ಯಂತ್ರ ತಟ್ಟುವಿಕೆಗಾಗಿ ಕಾಯುತ್ತಿರಬಹುದು ಎಂದರ್ಥ.

"ಹಾಗಾದರೆ ತಟ್ಟುವ ಕೈಯನ್ನೇ ನೋಡಬೇಕಲ್ಲವಾ ಅಪ್ಪ?" ಎಂದ ಮಗ.

ನನಗೆ ಕುಳಿತಲ್ಲೇ ಬೆವರು ಬಂತು. ಕಾರ್ಖಾನೆಗೆ ತರಬೇತಿಗೆ ಬರುತ್ತಿದ್ದ ಹುಡುಗರಿಗೆ ನಾನು ಮೊದಲ ದಿನವೇ ಹೇಳಿಕೊಡುತ್ತಿದ್ದ ಪಾಠ ಅದು: ದೊಡ್ಡ ಮೋಟಾರು ನಿಂತಿತೆಂದು ಮೋಟಾರನ್ನು ಬಿಚ್ಚಲು ಓಡಬೇಡಿ, ಫ್ಯೂಸು ನೋಡಿ, ಚಾಲನೆಯ ಗುಂಡಿ ನೋಡಿ, ದಿನಕ್ಕೆ ನೂರು ಸಲ ಮನುಷ್ಯನ ಬೆರಳು ಬೀಳುವ ಜಾಗವೇ ಮೊದಲು ಸವೆಯುವುದು. ಎಷ್ಟು ಹುಡುಗರಿಗೆ ಇದನ್ನು ಹೇಳಿ ಗದರಿಸಿದ್ದೇನೋ! ಕಾರ್ಖಾನೆಯ ಮೋಟಾರಿನೊಳಗೆ ನನ್ನದೆನ್ನುವುದು ಏನೂ ಇರಲಿಲ್ಲ, ಅದಕ್ಕೇ ಅಲ್ಲಿ ತಲೆ ತಣ್ಣಗಿರುತ್ತಿತ್ತು. ಇಲ್ಲಿ ಗುಂಡಿ ಒತ್ತಿದ ಮೊದಲ ಗಳಿಗೆಯಲ್ಲೇ ಅತ್ಯಂತ ಕೆಟ್ಟದ್ದು ನಡೆದುಹೋಗಿದೆ ಎಂದು ಭಯ ತೀರ್ಪು ಕೊಟ್ಟಿತ್ತು. ಆಮೇಲೆ ನಾನು ಮಾಡಿದ ಪರೀಕ್ಷೆಗಳೆಲ್ಲ ಆ ತೀರ್ಪಿಗೆ ಸಾಕ್ಷಿ ಹುಡುಕುವ ಕೆಲಸವಾಗಿತ್ತು.

ಮಗ ಹೇಳಿದಂತೆ ಬೋರ್ಡಿನ ಕೆಳ ಅಂಚಿನಲ್ಲಿದ್ದ ಸೂಜಿಯಂಥ ಕಂಬಿಗಳ ಗುಂಪನ್ನು ಹುಡುಕಿದೆ. ಪೆಟ್ಟಿಗೆಯ ಮುಂಭಾಗದ ಗುಂಡಿಯಿಂದ ಬರುವ ಜೋಡಿ ತಂತಿ ಅಲ್ಲಿಗೆ ಸೇರುತ್ತದೆ. ಆ ತಂತಿಯ ಕೊಂಡಿಯನ್ನು ಕಿತ್ತು, ಬರಿದಾದ ಎರಡು ಕಂಬಿಗಳಿಗೆ ಸ್ಕ್ರೂಡ್ರೈವರಿನ ತುದಿಯನ್ನು ಒಂದು ಕ್ಷಣ ತಾಗಿಸಬೇಕು. ಅಲ್ಲಿರುವುದು ಐದು ವೋಲ್ಟಿಗೆ ಮೀರದ ವಿದ್ಯುತ್ತು, ಕೈಗೆ ಹೊಡೆಯುವಂಥದ್ದಲ್ಲ. ಪಕ್ಕದ ಬೇರೆ ಕಂಬಿಗೆ ತಾಗಬಾರದು, ಅಷ್ಟೇ. ಹೆಂಡತಿ ಟಾರ್ಚು ಹಿಡಿದಳು. ನನ್ನ ಕೈ ನಡುಗುತ್ತಿದ್ದುದರಿಂದ ಎರಡು ಸಲ ತಪ್ಪಿತು. ಮೂರನೆಯ ಸಲ ತಾಗಿತು.

ಫ್ಯಾನು ತಿರುಗಿತು. ಡಿಸ್ಕಿನ ಆ ಸಣ್ಣ ಗುರುಗುಟ್ಟುವ ಸದ್ದು ಬಂತು. ಪರದೆ ಬೆಳಗಿತು. ಫೋನಿನೊಳಗಿಂದ ಮಗ "ಕೇಳಿಸ್ತು, ಕೇಳಿಸ್ತು" ಎಂದು ಕೂಗುತ್ತಿದ್ದ.

ಮಲ್ಟಿಮೀಟರ್ ಹಿಡಿದು ನೋಡಿದಾಗ ಹಳೆಯ ಗುಂಡಿ ಒತ್ತಿದರೂ ಒಳಗೆ ಸಂಪರ್ಕವಾಗುತ್ತಿರಲಿಲ್ಲ. ಸವೆದುಹೋಗಿತ್ತು. ಸಿಡಿಲೂ ಅಲ್ಲ, ನೀರೂ ಅಲ್ಲ. ಹನ್ನೊಂದು ವರ್ಷಗಳಲ್ಲಿ ಅದನ್ನು ಹೆಚ್ಚಾಗಿ ಒತ್ತಿದ್ದು ನನ್ನ ಬೆರಳೇ. ಹೊಸ ಗುಂಡಿಯ ಅಗತ್ಯವೂ ಬೀಳಲಿಲ್ಲ. ಪೆಟ್ಟಿಗೆಯಲ್ಲಿ ರೀಸೆಟ್ ಎಂಬ ಇನ್ನೊಂದು ಚಿಕ್ಕ ಗುಂಡಿ ಇತ್ತು, ನಾವು ಎಂದೂ ಬಳಸದಿದ್ದದ್ದು. ಅದರ ತಂತಿಯನ್ನು ತಂದು ಆ ಎರಡು ಕಂಬಿಗಳಿಗೆ ಸಿಕ್ಕಿಸಿದೆ. ಇಂದಿಗೂ ನಮ್ಮ ಯಂತ್ರ ಏಳುವುದು ಆ ಚಿಕ್ಕ ಗುಂಡಿಯಿಂದಲೇ.

ಆ ರಾತ್ರಿಯೇ ಅಮ್ಮನ ಬರಹವನ್ನು ಎರಡು ಪೆನ್‌ಡ್ರೈವ್‌ಗಳಿಗೆ ನಕಲು ಮಾಡಿದೆ, ಒಂದು ಪ್ರತಿಯನ್ನು ಮಗನಿಗೆ ಕಳಿಸಿದೆ. ಅವನ ಕಂಪ್ಯೂಟರಿನಲ್ಲಿ ನುಡಿಯ ಅಕ್ಷರಗಳು ಇರಲಿಲ್ಲವಾದ್ದರಿಂದ ಅಜ್ಜಿಯ ದ್ರಾಕ್ಷಿ ತೋಟವೆಲ್ಲ ವಿಚಿತ್ರ ಲ್ಯಾಟಿನ್ ಅಕ್ಷರಗಳ ಸಂತೆಯಾಗಿ ಕಂಡಿತಂತೆ. ಹಳೆಯ ನುಡಿ ಕಡತಗಳ ಹಣೆಬರಹವೇ ಅದು. ಅವನೇ ಅದನ್ನು ಯೂನಿಕೋಡಿಗೆ ಪರಿವರ್ತಿಸಿ ಮರಳಿ ಕಳಿಸಿದ. ಜೊತೆಗೆ ಒಂದು ಸಾಲು: "ತರಕಾರಿ ಇನ್ನೂ ಬಾಡಿಲ್ಲ ಅಪ್ಪ." ಹನ್ನೊಂದು ವರ್ಷ ಆ ಮಾತನ್ನು ಅವನು ಮರೆತಿರಲಿಲ್ಲ.

ಮರುದಿನ ಬೆಳಗ್ಗೆ ನಾನು ಅಟ್ಟೂರಿಗೆ ನಡೆದುಕೊಂಡು ಹೋದೆ. ಹೆಂಡತಿ ಬರುತ್ತೇನೆಂದಳು, ಬೇಡವೆಂದೆ. ಆ ಹೆಣ್ಣುಮಗಳು ಬಾಗಿಲಲ್ಲೇ ನಿಂತು ನನ್ನ ಮಾತನ್ನು ಕೇಳಿದಳು. ಗುಂಡಿ ಸವೆದದ್ದನ್ನು ಹೇಳಿದೆ, ನಾನು ಅಂದದ್ದು ತಪ್ಪು, ಕ್ಷಮಿಸಬೇಕಮ್ಮ ಎಂದೆ. ಆಕೆ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ನಿಧಾನವಾಗಿ, "ವೈರ್ ಇದೆ ಅಂತ ಆ ಮೇಜಿನ ಕೆಳಗೆ ನಾನು ಯಾವತ್ತೂ ನೀರು ಹಾಕಲ್ಲ ಸಾರ್. ಒಣಪೊರಕೇಲೇ ಗುಡಿಸೋದು. ನೀವು ಕೇಳಿದ್ರೆ ಹೇಳ್ತಿದ್ದೆ" ಎಂದಳು. ನಾನು ಕೇಳಿರಲಿಲ್ಲ. ಹಿಂದಿರುಗಲು ಹೊರಟಾಗ ಆಕೆಯೇ ಕೂಗಿ ಕೇಳಿದಳು: "ಅಜ್ಜಿ ಹೇಳಿದ್ದೆಲ್ಲ ಸಿಕ್ತಾ?"

ನಾಲ್ಕು ದಿನ ಬಿಟ್ಟು ಕೆಲಸಕ್ಕೆ ಬಂದಳು. ನಾನು ಟೈಪು ಮಾಡುತ್ತಿದ್ದ ಕೋಣೆಯ ಬಾಗಿಲಲ್ಲಿ ನಿಂತು, "ರೈಲಲ್ಲಿ ಬುಟ್ಟಿ ಮಗುಚಿದ ಕತೆ ಐತಾ ಅದ್ರಲ್ಲಿ?" ಎಂದು ಕೇಳಿದಳು. ಇರಲಿಲ್ಲ. ನೂರಾ ನಲವತ್ತು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಮಧ್ಯಾಹ್ನಗಳಲ್ಲಿ, ನಾನು ಮನೆಯಲ್ಲಿಲ್ಲದಾಗ, ಅಮ್ಮ ಆಕೆಗೂ ಹೇಳುತ್ತಿದ್ದರಂತೆ. ನಾನು ಕುರ್ಚಿ ಎಳೆದು ಕೊಟ್ಟೆ. ಕೂರಲಿಲ್ಲ, ಬಾಗಿಲಿಗೆ ಒರಗಿಕೊಂಡೇ ಹೇಳಿದಳು: ಸಣ್ಣ ರೈಲು ತಿರುವಿನಲ್ಲಿ ಜೋಲಿ ಹೊಡೆದು ದ್ರಾಕ್ಷಿಯ ಬುಟ್ಟಿ ಮಗುಚಿದ್ದು, ಎದುರು ಕೂತಿದ್ದ ದೊಡ್ಡ ಮನುಷ್ಯರೊಬ್ಬರ ಬಿಳಿ ಪಂಚೆಯೆಲ್ಲ ನೀಲಿಯಾದದ್ದು, ಅವರು ಬೈಯಲು ಬಾಯಿ ತೆರೆದವರು ಅಲ್ಲೇ ಬಿದ್ದ ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡು ಸುಮ್ಮನಾದದ್ದು.

ಒಳಕೋಣೆಯಿಂದ ಅಮ್ಮನ ನಗು ಕೇಳಿಸಿತು. ಇಬ್ಬರೂ ಹೋಗಿ ನೋಡಿದೆವು. ಅವರು ಮಂಚದ ಮೇಲೆ ಎದ್ದು ಕುಳಿತು ನಮ್ಮತ್ತಲೇ ನೋಡುತ್ತಿದ್ದರು.

"ಯಾರದಮ್ಮ ಆ ದ್ರಾಕ್ಷಿ?" ಎಂದು ಕೇಳಿದರು. "ಆಮೇಲೆ ಏನಾಯ್ತು?"